ಡಬ್ಬದ ಲೆಕ್ಕ, ತಕ್ಕಡಿಯ ಲೆಕ್ಕ



ಇಡ್ಲಿಗೆ ನೆನೆಹಾಕುವಾಗ ಮನೆಯ ತಾಯಂದಿರು ತಕ್ಕಡಿ ಹುಡುಕುವುದಿಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ. ಅಳೆಯುವ ಪಾವು ಒಂದೇ ಆಗಿದ್ದರೆ ಸಾಕು, ಹದ ಕೆಡುವುದಿಲ್ಲ. ಆದರೆ ಈ ರೂಢಿಯನ್ನೇ ಕೊಟ್ಟಿಗೆಗೆ ತಂದು ಬೂಸಾ, ಹಿಂಡಿ, ಪಶು ಆಹಾರ ಎಲ್ಲವನ್ನೂ ಒಂದೇ ಡಬ್ಬದಲ್ಲಿ ಅಳೆದು ಹಾಕಿದರೆ ಲೆಕ್ಕ ತಪ್ಪುತ್ತದೆ. ಡಬ್ಬ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ತೂಕ ಕಾಣುವುದಿಲ್ಲ.

ಹಸು ಇದ್ದಕ್ಕಿದ್ದಂತೆ ಹಾಲು ಇಳಿಸಿದೆ, ಇಂಜೆಕ್ಷನ್ ಕೊಡಿ ಎಂದು ಸದಸ್ಯರೊಬ್ಬರು ನನ್ನನ್ನು ಕರೆಸಿದ್ದರು. ಜ್ವರವಿರಲಿಲ್ಲ, ಕೆಚ್ಚಲು ಬಾತಿರಲಿಲ್ಲ, ಮೆಲುಕು ಸರಿಯಾಗಿತ್ತು. ತಿಂಡಿ ಎಷ್ಟು ಹಾಕುತ್ತೀರಿ ಎಂದು ಕೇಳಿದರೆ, "ಮೊದಲಿನಷ್ಟೇ ಸಾರ್, ಹೊತ್ತಿಗೆ ಎರಡು ಡಬ್ಬ" ಎಂದರು. ಪಶು ಆಹಾರದ ಮೂಟೆ ಮುಗಿದು ಹದಿನೈದು ದಿನಗಳಿಂದ ಬರೀ ಗೋಧಿ ಬೂಸಾ ನಡೆದಿತ್ತು. ಆ ಡಬ್ಬವನ್ನೇ ಸಂಘಕ್ಕೆ ಒಯ್ದು ತೂಗಿದೆವು. ಪಶು ಆಹಾರ 1 ಕೆ.ಜಿ. 400 ಗ್ರಾಂ ಹಿಡಿಯಿತು. ಬೂಸಾ ಬರೀ 550 ಗ್ರಾಂ. ಅಂದರೆ ದಿನಕ್ಕೆ 5 ಕೆ.ಜಿ. 600 ಗ್ರಾಂ ತಿನ್ನುತ್ತಿದ್ದ ರಾಸಿಗೆ 2 ಕೆ.ಜಿ. 200 ಗ್ರಾಂ ಬೀಳುತ್ತಿತ್ತು. ಇಂಜೆಕ್ಷನ್ ಅಗತ್ಯ ಬೀಳಲಿಲ್ಲ.

ಹುಲ್ಲಿನ ಮೇವಿನ ಜೊತೆಗೆ ಎಷ್ಟು ಪಶು ಆಹಾರ ಬೇಕು? ದೇಹದ ಪೋಷಣೆಗೆ ಒಂದೂವರೆಯಿಂದ 2 ಕೆ.ಜಿ. ಅದರ ಮೇಲೆ ಹಸುವಾದರೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ, ಎಮ್ಮೆಯಾದರೆ 500 ಗ್ರಾಂ. ದಿನಕ್ಕೆ 10 ಲೀಟರ್ ಕರೆಯುವ ಹಸುವಿಗೆ 2 ಕೆ.ಜಿ., ಜೊತೆಗೆ 4 ಕೆ.ಜಿ., ಒಟ್ಟು 6 ಕೆ.ಜಿ.; ಎರಡು ಹೊತ್ತಿಗೆ ಹಂಚಿ ಕೊಡಿ. ಹಸಿರು ಮೇವು ಧಾರಾಳವಾಗಿದ್ದರೆ ಇದನ್ನು ಸ್ವಲ್ಪ ತಗ್ಗಿಸಬಹುದು. ಗಬ್ಬದ ಕೊನೆಯ ಎರಡು ತಿಂಗಳು ಹೊಟ್ಟೆಯ ಕರುವಿಗೆಂದು ಒಂದರಿಂದ ಒಂದೂವರೆ ಕೆ.ಜಿ. ಸೇರಿಸಬೇಕು. ಹಾಗಾದರೆ 6 ಕೆ.ಜಿ. ಬೂಸಾ ತೂಗಿ ಹಾಕಿದರಾಯಿತಲ್ಲ ಎನ್ನಬೇಡಿ. ಬೂಸಾದಲ್ಲಿ ಸಸಾರಜನಕ ಕಡಿಮೆ, ಸುಣ್ಣದ ಅಂಶವಂತೂ ತೀರಾ ಕಡಿಮೆ.

ದಿನಾ ತಕ್ಕಡಿ ಹಿಡಿಯುವುದು ಆಗದ ಕೆಲಸ, ನನಗೂ ಗೊತ್ತು. ಒಂದು ಸಲ ಡಬ್ಬವನ್ನು ಸಂಘಕ್ಕೆ ತಂದು, ಒಂದು ಕೆ.ಜಿ. ಪಶು ಆಹಾರ ಎಲ್ಲಿಗೆ ಬರುತ್ತದೋ ಅಲ್ಲಿ ಬಣ್ಣದ ಗೆರೆ ಎಳೆಯಿರಿ. ಹಿಂಡಿಗೆ ಬೇರೆ ಗೆರೆ, ಬೂಸಾಕ್ಕೆ ಬೇರೆ.

ಅಳತೆ ಇಲ್ಲದೆ ಹೆಚ್ಚು ಹಾಕುವುದು ಇನ್ನೂ ಅಪಾಯ. ಹಬ್ಬ, ಮದುವೆಯ ಮಾರನೆಯ ದಿನ ನಮಗೆ ಬರುವ ಕರೆಗಳೇ ಇದಕ್ಕೆ ಸಾಕ್ಷಿ. ಮಿಕ್ಕ ಅನ್ನವನ್ನು ಚೆಲ್ಲಲು ಮನಸ್ಸು ಬಾರದೆ ಬಕೆಟ್‌ಗಟ್ಟಲೆ ರಾಸಿಗೆ ಸುರಿಯುತ್ತಾರೆ. ಅನ್ನ ಹೊಟ್ಟೆಯಲ್ಲಿ ಬೇಗನೆ ಹುಳಿತು ಆಮ್ಲವಾಗುತ್ತದೆ. ರಾಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿಯಾಗುತ್ತದೆ, ಕೊನೆಗೆ ಏಳಲಾರದೆ ಮಲಗುತ್ತದೆ. ಒಂದೆರಡು ದಿನದಲ್ಲೇ ಸಾಯಲೂಬಹುದು. ಅನ್ನವಾಗಲಿ, ರಾಗಿ ಮುದ್ದೆಯಾಗಲಿ ಹೆಚ್ಚು ತಿಂದದ್ದು ಗೊತ್ತಾದರೆ, ರಾಸು ಗೆಲುವಾಗಿ ಕಂಡರೂ ಬೆಳಗಿನವರೆಗೆ ಕಾಯಬೇಡಿ. ಆಗಲೇ ವೈದ್ಯರಿಗೆ ತಿಳಿಸಿ. ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು ಎಂಬುದನ್ನು ಸಂಕೋಚಪಡದೆ ಹೇಳಿ. ಚಿಕಿತ್ಸೆ ನಿಂತಿರುವುದು ಆ ಎರಡು ಲೆಕ್ಕಗಳ ಮೇಲೆ.