ಬೀದಿಯಲ್ಲಿ ಹರಿದ ಬೆಂಕಿ, ಸೀಸೆಯಲ್ಲಿ ತುಂಬಿದ ಕಥೆ

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿ ಲಿಬರ್ಟೀಸ್ ಎಂಬ ಹಳೆಯ ಕೇರಿಯೊಂದುಂಟು. ನೇಕಾರರೂ ಚರ್ಮ ಹದಮಾಡುವವರೂ ಭಟ್ಟಿಗಳ ಕೂಲಿಗಳೂ ಒತ್ತೊತ್ತಾಗಿ ಬಾಳಿದ ಸ್ಥಳವದು. 1875ನೆಯ ಇಸವಿ ಜೂನ್ 18ರಂದು ಅಲ್ಲಿಯ ಮದ್ಯದ ಮಳಿಗೆಯೊಂದಕ್ಕೆ ಬೆಂಕಿ ಬಿದ್ದಿತು. ಒಳಗಿದ್ದ ಸುಮಾರು 5,000 ಪೀಪಾಯಿಗಳು ಒಡೆಯಲಾಗಿ, ವಿಸ್ಕಿಯು ಉರಿಯುತ್ತ ಬೀದಿಗೆ ಹರಿಯಿತು. ಹಂದಿಗಳ ಚೀರಾಟವೇ ಜನರನ್ನು ಎಚ್ಚರಿಸಿತೆಂದು ಕೇರಿಯವರು ಹೇಳುತ್ತ ಬಂದಿದ್ದಾರೆ. ನೀರು ಹೊಯ್ದರೆ ಉರಿಯುವ ಮದ್ಯ ಇನ್ನಷ್ಟು ದೂರ ಹರಿದೀತೆಂದು ಅರಿತ ಅಗ್ನಿಶಾಮಕ ದಳದ ಮುಖ್ಯಸ್ಥ ಇಂಗ್ರಂ, ಕುದುರೆಲದ್ದಿಯನ್ನು ರಾಶಿ ಹಾಕಿಸಿ ಪ್ರವಾಹಕ್ಕೆ ಕಟ್ಟೆ ಕಟ್ಟಿಸಿದನು. ಆ ರಾತ್ರಿ ಸತ್ತವರು 13 ಮಂದಿ. ಅವರಲ್ಲಿ ಒಬ್ಬರೂ ಬೆಂಕಿಯಿಂದ ಸತ್ತವರಲ್ಲ! ಬೀದಿಯಲ್ಲಿ ಹರಿದ ಮದ್ಯವನ್ನು ಟೋಪಿಯಲ್ಲಿ, ಬೂಟಿನಲ್ಲಿ ಮೊಗೆದು ಕುಡಿದು ಪ್ರಾಣ ಬಿಟ್ಟವರು.

ಅಂದು ಐರಿಷ್ ವಿಸ್ಕಿಗೆ ಲೋಕದಲ್ಲೆಲ್ಲ ಮನ್ನಣೆಯಿತ್ತು. ಆದರೆ 1830ರಲ್ಲಿ ಕಾಫಿ ಎಂಬಾತನು ಹಕ್ಕು ಪಡೆದ ಹೊಸ ಭಟ್ಟಿಯನ್ನು ಡಬ್ಲಿನ್ನಿನ ದೊಡ್ಡ ಮನೆತನಗಳು ತಿರಸ್ಕರಿಸಿದವು. ಸ್ಕಾಟ್ಲೆಂಡಿನವರು ಅದನ್ನು ಬಳಸಿ ಅಗ್ಗದ ಮಾಲನ್ನು ಮಾರಿದರು. ಮುಂದೆ 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಾಯಿತು. ಬ್ರಿಟನ್ನಿನೊಡನೆ ವ್ಯಾಪಾರಕಲಹವೂ ಬಂದಿತು. ಥಾಮಸ್ ಬೀದಿಯಲ್ಲಿ ಎಕರೆಗಟ್ಟಲೆ ಹಬ್ಬಿದ್ದ ಜಾರ್ಜ್ ರೋ ಭಟ್ಟಿ ಮುಚ್ಚಿ, ಅದರ ಗಾಳಿಯಂತ್ರದ ಗೋಪುರವೂ ಬುಡದ ಪೇರುಮರವೂ ಮಾತ್ರ ನಿಂತವು. 1976ರ ಹೊತ್ತಿಗೆ ನಗರದಲ್ಲಿ ಭಟ್ಟಿ ಇಳಿಸುವ ಕೆಲಸವೇ ನಿಂತುಹೋಯಿತು.

ಈಗ ಅದೇ ಕೇರಿಯಲ್ಲಿ ಭಟ್ಟಿಗಳು ಮತ್ತೆ ಹೊತ್ತಿವೆ. 1782ರಲ್ಲಿ ಮ್ಯಾರೋಬೋನ್ ಗಲ್ಲಿಯಲ್ಲಿ ಭಟ್ಟಿಯಿಟ್ಟ ವಾಲ್ಟರ್ ಟೀಲಿಂಗನ ಹೆಸರು ಹೇಳಿ, ಆ ಮನೆತನದ ಸೋದರರು 2015ರಲ್ಲಿ ಹತ್ತಿರದಲ್ಲಿಯೇ ಹೊಸದನ್ನು ತೆರೆದರು. ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿ ಅದರ ಲಾಂಛನ. ರೋ ಹೆಸರು 2017ರಲ್ಲಿ ಸೀಸೆಯ ಮೇಲೆ ಬಂದಿತು; ಭಟ್ಟಿ ತೆರೆದುದು 2019ರಲ್ಲಿ. ಉರಿಯುವ ಹಂದಿಯ ಹೆಸರಿನ ವಿಸ್ಕಿಯೂ ಉಂಟು.

ಇಲ್ಲೊಂದು ಸೂಕ್ಷ್ಮವಿದೆ. ಐರಿಷ್ ವಿಸ್ಕಿ ಎನಿಸಿಕೊಳ್ಳಲು ಮದ್ಯವು ಮರದ ಪೀಪಾಯಿಯಲ್ಲಿ ಮೂರು ವರ್ಷವಾದರೂ ಮಾಗಬೇಕೆಂದು ಕಾನೂನು. ಆದುದರಿಂದ ಭಟ್ಟಿಗೆ ಮೊದಲೇ ಅಂಗಡಿಗೆ ಬಂದ ಸೀಸೆಯಲ್ಲಿದ್ದುದು ಬೇರೆಡೆಯ ಮದ್ಯ. ಕೇರಿಯದೆಂದರೆ ಕಥೆ ಮಾತ್ರ. ಹೋಟೆಲಿನಲ್ಲಿ ದುಡಿಯುವ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲಗೆಯ ಮೇಲಿನ ಹೆಸರು ಗಿರಾಕಿಯನ್ನು ಒಮ್ಮೆ ಕರೆತಂದೀತು. ಎರಡನೆಯ ಸಲ ಕರೆತರುವುದು ಒಳಗಿನ ಅಡಿಗೆ.

ಹಳೆಯ ಕಥೆಯನ್ನು ಮಾರುವುದು ತಪ್ಪೆನ್ನಲಾಗದು. ಅದರಿಂದ ಕೇರಿಯ ನೆನಪು ಉಳಿದೀತು, ಕೆಲವರಿಗೆ ಕೆಲಸವೂ ದೊರೆತೀತು. ಆದರೆ ನಗೆ ತರಿಸುವ ಹಂದಿಯ ಕಥೆಯೊಡನೆ ಆ 13 ಮಂದಿ ಬಡವರ ಸಾವಿನ ಕಥೆಯನ್ನೂ ಹೇಳುವುದು ನ್ಯಾಯ. ಸೀಸೆಯ ಚೀಟಿಯಲ್ಲಿ ಅಷ್ಟು ಜಾಗವಿರಲಾರದೆ?