ಬೆಂಗಳೂರಿನ ಹೊರವಲಯದಿಂದ ಮುಳುಗುವಿಕೆಗೆ ತಕ್ಕ ನೀರಿನ ಆಯ್ಕೆ

ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲಿನಿಂದ ಇಳಿಬಿಟ್ಟ ಯಾವ ಕೊಳವೆಯ ಆಸರೆಯೂ ಇಲ್ಲದೆ ನೀರಿನೊಳಗೆ ಸಂಚರಿಸುವ ವಿಧಾನಕ್ಕೆ ಸ್ಕೂಬಾ ಎಂಬ ಹೆಸರು ರೂಢಿಯಾಗಿದೆ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕೂಸ್ತೋ ಮತ್ತು ಎಂಜಿನಿಯರ್ ಗಾನ್ಯಾನ್ ಎಂಬವರು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ, ಉಸಿರೆಳೆದಾಗ ಮಾತ್ರ ಗಾಳಿಯನ್ನು ಬಿಡುವ ಕವಾಟವೊಂದನ್ನು ರಚಿಸಿದುದೇ ಈ ವಿದ್ಯೆಯ ಇಂದಿನ ರೂಪಕ್ಕೆ ಮೂಲವಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಂತಹ ಹೊರವಲಯಗಳಲ್ಲಿ ದುಡಿಯುವ ತರುಣರಲ್ಲಿ ಈ ವಿದ್ಯೆಯನ್ನು ಕಲಿತವರು ಈಗ ಅಪರೂಪವಲ್ಲ. ಅವರಿಗೆ ದೊರೆಯುವ ಬಿಡುವು ವಾರದ ಕೊನೆಯ ಎರಡು ದಿನ. ಮನೆಯ ಕಿಟಕಿಯಿಂದ ಕಾಣುವ ಕೆರೆಯಲ್ಲಿಯೇ ಮುಳುಗಬಾರದೇಕೆ ಎಂಬ ಪ್ರಶ್ನೆ ಅವರಿಗೆ ಸಹಜವಾಗಿಯೇ ಹುಟ್ಟುವುದು. ಈ ಪ್ರಶ್ನೆಗೆ ಉತ್ತರವು ಅಭಿರುಚಿಯನ್ನು ಅವಲಂಬಿಸಿದುದಲ್ಲ. ನೀರಿನ ಆಳ, ತಿಳಿತನ, ಶುದ್ಧಿ ಮತ್ತು ಆ ಸ್ಥಳದ ವಾಯುಭಾರಗಳನ್ನು ಅವಲಂಬಿಸಿದುದು.

ಮೊದಲು ಕೆರೆಯ ಸ್ವರೂಪವನ್ನು ತಿಳಿಯೋಣ. ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಹರಡಿದ ಊರು. ವರ್ಷವಿಡೀ ಹರಿಯುವ ದೊಡ್ಡ ನದಿಯೊಂದೂ ಅದರ ಪಕ್ಕದಲ್ಲಿಲ್ಲ. ಇಲ್ಲಿನ ಕೆರೆಗಳೆಲ್ಲವೂ ಮನುಷ್ಯರು ಕಟ್ಟಿದುವು. ಕಣಿವೆಗೆ ಅಡ್ಡವಾಗಿ ಮಣ್ಣಿನ ಏರಿಯನ್ನು ಹಾಕಿ, ಮಳೆಯ ನೀರನ್ನು ತಡೆದು, ತೂಬಿನ ಮೂಲಕ ಗದ್ದೆಗೆ ಬಿಡುವುದು ಅವುಗಳ ಉದ್ದೇಶವಾಗಿದ್ದಿತು. ಇಂತಹ ಕೆರೆಯು ತಟ್ಟೆಯ ಆಕಾರದ್ದು: ಅಗಲ ಬಹಳ, ಆಳ ಅಲ್ಪ. ಏರಿಯ ಬುಡದಲ್ಲಿ ಕೆಲವು ಮೀಟರುಗಳ ಆಳವಿದ್ದರೂ ಹಿನ್ನೀರಿನ ಕಡೆಗೆ ಹೋದಂತೆ ಮೊಣಕಾಲುದ್ದ ನೀರೂ ಇರಲಾರದು. ಶತಮಾನಗಳ ಹೂಳು ತಳದಲ್ಲಿ ಮೆತ್ತಗೆ ಕುಳಿತಿರುತ್ತದೆ. ಮುಳುಗುವವನ ಕಾಲಿನ ರೆಕ್ಕೆಯ ಒಂದು ಬಡಿತಕ್ಕೆ ಅದು ಮೇಲೆದ್ದು, ತನ್ನ ಅಂಗೈ ತನಗೇ ಕಾಣದಂತೆ ಮಾಡುತ್ತದೆ.

ನೀರಿನ ತಿಳಿತನವನ್ನು ಅಳೆಯುವುದಕ್ಕೆ ಬಹಳ ಸರಳವಾದ ಉಪಕರಣವೊಂದುಂಟು. ಇಟಲಿಯ ಖಗೋಳಜ್ಞನಾಗಿದ್ದ ಪಾದ್ರಿ ಸೆಕ್ಕಿಯು 1865ರಲ್ಲಿ ಬಿಳಿಯ ಬಿಲ್ಲೆಯೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರದಲ್ಲಿ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತು ಮಾಡಿದನು. ಇಂದು ಕೆರೆಗಳಲ್ಲಿ ಬಳಸುವ ಬಿಲ್ಲೆಯು ಇಪ್ಪತ್ತು ಸೆಂಟಿಮೀಟರ್ ವ್ಯಾಸದ್ದು, ಕಪ್ಪು ಬಿಳುಪಿನ ನಾಲ್ಕು ಭಾಗಗಳುಳ್ಳದ್ದು. ಯಾವ ಕಾಲೇಜಿನ ಕಾರ್ಯಾಗಾರದಲ್ಲಿಯೂ ಇದನ್ನು ಒಂದು ಗಂಟೆಯಲ್ಲಿ ತಯಾರಿಸಬಹುದು. ಕಾರ್ಲ್‌ಸನ್ ಎಂಬ ಅಮೆರಿಕದ ವಿಜ್ಞಾನಿ 1977ರಲ್ಲಿ ಪ್ರಕಟಿಸಿದ ಮಾನದಂತೆ, ಬಿಲ್ಲೆಯು ಅರ್ಧ ಮೀಟರಿಗಿಂತ ಮೊದಲೇ ಮರೆಯಾದರೆ ಆ ಕೆರೆಯನ್ನು ಅತಿಪೋಷಿತವೆಂದು ಎಣಿಸಬೇಕು. ಎಂದರೆ ರಂಜಕ ಮತ್ತು ಸಾರಜನಕದ ಲವಣಗಳು ಮಿತಿಮೀರಿ ಸೇರಿ, ಪಾಚಿಯು ಬೇಕಾಬಿಟ್ಟಿಯಾಗಿ ಬೆಳೆದ ನೀರು ಅದು. ಕೊಳಚೆಯನ್ನುಂಡ ನಗರದ ಕೆರೆಗಳು ಈ ವರ್ಗಕ್ಕೆ ಸೇರುವುದರಲ್ಲಿ ಆಶ್ಚರ್ಯವಿಲ್ಲ. ಮುಳುಗುವಿಕೆಯಲ್ಲಿ ಜೊತೆಗಾರನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದೇ ಮೊದಲ ರಕ್ಷಣೆಯಾದುದರಿಂದ, ಅರ್ಧ ಮೀಟರಿನ ತಿಳಿತನವುಳ್ಳ ನೀರಿನಲ್ಲಿ ಇಬ್ಬರು ಇಳಿದರೂ ಪ್ರತಿಯೊಬ್ಬನೂ ಒಂಟಿಯೇ.

ಇನ್ನು ಶುದ್ಧಿಯ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಉಪಯೋಗಕ್ಕೆ ತಕ್ಕಂತೆ ಎ ಮೊದಲ್ಗೊಂಡು ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಬಯಲಿನಲ್ಲಿ ಸ್ನಾನಮಾಡಲು ಯೋಗ್ಯವಾದುದು ಬಿ ವರ್ಗ. ಅದರಲ್ಲಿ ನೂರು ಮಿಲಿಲೀಟರಿಗೆ ಕೋಲಿಫಾರ್ಮ್ ಜೀವಾಣುಗಳು ಐನೂರನ್ನು ಮೀರಬಾರದು. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗೆ ಕಡಮೆಯಿರಬಾರದು. ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಮನ್ನು ದಾಟಬಾರದು. ಮುಳುಗುವವನ ಬಾಯಿ, ಮೂಗು, ಕಿವಿಗಳು ಸ್ನಾನಮಾಡುವವನಿಗಿಂತ ಹೆಚ್ಚು ಹೊತ್ತು ನೀರಿನ ಸಂಪರ್ಕದಲ್ಲಿರುವುದರಿಂದ ಬಿ ವರ್ಗಕ್ಕಿಂತ ಕೆಳಗಿನ ನೀರನ್ನು ಆತನು ಯೋಚಿಸಲೂಬಾರದು. ರಾಜ್ಯದ ಮಂಡಳಿಯು ಬೆಂಗಳೂರಿನ ಕೆರೆಗಳನ್ನು ಪರೀಕ್ಷಿಸಿ ಪ್ರಕಟಿಸುವ ವರದಿಗಳಲ್ಲಿ ಬಹುಪಾಲು ಕೆರೆಗಳು ಡಿ ಮತ್ತು ಇ ವರ್ಗಗಳಲ್ಲಿಯೇ ಬಿದ್ದಿರುತ್ತವೆ. ಡಿ ಎಂದರೆ ಮೀನು ಮತ್ತು ವನ್ಯಜೀವಿಗಳಿಗೆ ಸಾಕಾಗುವುದು. ಇ ಎಂದರೆ ನೀರಾವರಿಗೆ ಮತ್ತು ಯಂತ್ರಗಳನ್ನು ತಂಪುಮಾಡುವುದಕ್ಕೆ.

ವೈಟ್‌ಫೀಲ್ಡಿನ ನೆರೆಯ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕಥೆಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆಯು ಬೆಳ್ಳಂದೂರಿಗೆ ಬಂದು, ಅಲ್ಲಿಂದ ವರ್ತೂರಿಗೆ ಇಳಿದು, ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುವುದು. ಬಟ್ಟೆ ತೊಳೆಯುವ ಪುಡಿಗಳ ಅಂಶವು ಈ ನೀರಿನಲ್ಲಿದ್ದು, ಕೋಡಿಯಲ್ಲಿ ಅದು ಧುಮುಕುವಾಗ ಗಾಳಿಯೊಡನೆ ಕಡೆಯಲ್ಪಟ್ಟು, ರಸ್ತೆಯ ಮೇಲೆ ಹಾರುವಷ್ಟು ನೊರೆಯೇಳುತ್ತಿದ್ದಿತು. 2015ರಲ್ಲಿಯೂ 2017ರ ಫೆಬ್ರವರಿಯಲ್ಲಿಯೂ ಬೆಳ್ಳಂದೂರಿನ ಮೇಲೆ ಬೆಂಕಿಯೇ ಕಾಣಿಸಿಕೊಂಡಿತು. ಬೆಂಕಿ ಹತ್ತಿದ ಕೆರೆಯೆಂಬ ಮಾತು ನಮ್ಮ ಹಿರಿಯರಿಗೆ ಒಗಟಿನಂತೆ ತೋರಿರಬಹುದು! ಪೀಣ್ಯದ ಕಡೆ ಕಣ್ಣಿಗೆ ಕಾಣದ ಬೇರೆ ಬಗೆಯ ತೊಂದರೆಯಿದೆ. ಲೋಹಲೇಪನದ ಕಾರ್ಖಾನೆಗಳಿಂದ ಹೊರಟ ಕ್ರೋಮಿಯಂ ಅಲ್ಲಿನ ಅಂತರ್ಜಲದಲ್ಲಿ ಸೇರಿದೆ. ನೊರೆಯಿಲ್ಲದ ನೀರೆಲ್ಲ ನಿರ್ದೋಷವೆಂದು ತಿಳಿಯಲಾಗದು. ಹೂಳೆತ್ತುವ, ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ಕೆಲಸಗಳು ಹಲವು ಕೆರೆಗಳಲ್ಲಿ ನಡೆದಿವೆ. ಅವುಗಳಿಂದ ಹಕ್ಕಿಗಳಿಗೂ ಸಂಜೆಯ ತಿರುಗಾಟಕ್ಕೂ ಉಪಕಾರವಾಗಿದೆ, ಮುಳುಗುವವನಿಗೆ ಆಗಿಲ್ಲ. ಕೆರೆಗಳಲ್ಲಿ ಇಳಿಯಬೇಕಾಗಿ ಬರುವುದು ಅಗ್ನಿಶಾಮಕ ದಳದವರಿಗೆ ಮತ್ತು ಮುಳುಗು ತಜ್ಞರಿಗೆ ಮಾತ್ರ. ಅವರ ಕೆಲಸವು ಎಂತಹುದೆಂಬುದನ್ನು ವಿವರಿಸಬೇಕಾಗಿಲ್ಲ.

ತೂಬಿನ ವಿಷಯವನ್ನೂ ಹೇಳಬೇಕು. ತೂಬು ತೆರೆದಿರುವಾಗ ಅದರ ಒಳಬದಿಯಲ್ಲಿ ನೀರಿನ ಒತ್ತಡವಿರುತ್ತದೆ, ಹೊರಬದಿಯಲ್ಲಿ ಇರುವುದಿಲ್ಲ. ಮೂರು ಮೀಟರ್ ಆಳದಲ್ಲಿ ಅರ್ಧ ಮೀಟರ್ ಚೌಕದ ಬಾಯಿಗೆ ಮೈ ಅಡ್ಡವಾದರೆ ಅದನ್ನು ಒತ್ತುವ ಬಲವು ಸುಮಾರು 750 ಕಿಲೋಗ್ರಾಮ್ ತೂಕಕ್ಕೆ ಸಮ. ಈಜಿನ ಬಲದಿಂದ ಇದನ್ನು ಬಿಡಿಸಿಕೊಳ್ಳಬಲ್ಲವರಿಲ್ಲ.

ಕಲ್ಲು ಒಡೆದು ಬಿಟ್ಟ ಕ್ವಾರಿಗಳಲ್ಲಿ ನಿಂತ ನೀರು ಕೆರೆಯ ನೀರಿಗಿಂತ ತಿಳಿಯಾಗಿರುವುದುಂಟು, ಆಳವೂ ಉಂಟು. ಪಶ್ಚಿಮದ ಕೆಲವು ದೇಶಗಳಲ್ಲಿ ಇಂತಹ ಕ್ವಾರಿಗಳೇ ಮುಳುಗುವಿಕೆಯ ಶಾಲೆಗಳಾಗಿವೆ. ಆದರೆ ಅಲ್ಲಿ ಇಳಿಯುವ ಮೆಟ್ಟಿಲು, ತೇಲುವ ಕಟ್ಟೆ, ಆಮ್ಲಜನಕದ ಸಿಲಿಂಡರ್, ಕಾವಲುಗಾರ ಎಲ್ಲವೂ ಇರುತ್ತವೆ. ನಮ್ಮ ಕ್ವಾರಿಗಳ ಗೋಡೆಗಳು ನೆಟ್ಟಗೆ ಇಳಿಯುತ್ತವೆ. ಆಯಾಸಗೊಂಡವನು ಕಾಲೂರಲು ಅಂಚಿಲ್ಲ. ತಳದಲ್ಲಿ ಕಬ್ಬಿಣದ ಚೂರು, ತಂತಿ, ಕಸ ಏನಿದೆಯೆಂದು ತಿಳಿಯದು. ಕ್ವಾರಿಯೆಂಬುದು ವ್ಯವಸ್ಥೆ ಮಾಡಿದರೆ ಒಳ್ಳೆಯ ಸ್ಥಳವಾಗಬಹುದಾದ, ವ್ಯವಸ್ಥೆಯಿಲ್ಲದೆ ಪ್ರಾಣಾಂತಿಕವಾದ ಸ್ಥಳವೆಂಬುದು ಈ ಲೇಖಕನ ಅಭಿಪ್ರಾಯ.

ಅರ್ಕಾವತಿಯ ಮೇಲಿನ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ಜಲಾಶಯಗಳು ಕುಡಿಯುವ ನೀರಿಗಾಗಿ ಕಟ್ಟಿದುವಾದ್ದರಿಂದ ಅವು ವಿನೋದಕ್ಕೆ ಒದಗುವುವಲ್ಲ. ಆದರೂ ಎತ್ತರದ ಸಿಹಿನೀರಿನಲ್ಲಿ ಮುಳುಗುವುದರ ಲೆಕ್ಕವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರವು ಸಮುದ್ರತೀರದ್ದರ ಹತ್ತರಲ್ಲಿ ಒಂಬತ್ತು ಪಾಲು. ಸಮುದ್ರದಲ್ಲಿ 10 ಮೀಟರ್ ಇಳಿದಾಗ ಒತ್ತಡವು ಇಮ್ಮಡಿಯಾದರೆ, ಇಲ್ಲಿ ಸಿಹಿನೀರಿನಲ್ಲಿ ಒಂಬತ್ತೂಕಾಲು ಮೀಟರಿಗೇ ಇಮ್ಮಡಿಯಾಗುವುದು. ಆದುದರಿಂದ ಸಮುದ್ರಮಟ್ಟಕ್ಕಾಗಿ ರಚಿಸಿದ ಕೋಷ್ಟಕಗಳನ್ನು ಇಲ್ಲಿ ಹಾಗೆಯೇ ಬಳಸುವಂತಿಲ್ಲ. 18 ಮೀಟರಿನ ಇಳಿತವನ್ನು 20 ಮೀಟರಿನದೆಂದು ಎಣಿಸಿ ಕಾಲವನ್ನು ಗೊತ್ತುಮಾಡಬೇಕು. ಜ್ಯೂರಿಕ್ಕಿನ ವೈದ್ಯ ಬ್ಯೂಲ್‌ಮನ್ ಎಂಬವನು ಸ್ವಿಟ್ಜರ್ಲೆಂಡಿನ ಬೆಟ್ಟದ ಸರೋವರಗಳಿಗಾಗಿಯೇ ಬೇರೆ ಕೋಷ್ಟಕಗಳನ್ನು ರಚಿಸಬೇಕಾಯಿತು. ಸಿಹಿನೀರಿನ ಸಾಂದ್ರತೆ ಕಡಮೆಯಾದುದರಿಂದ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನೂ ಇಳಿಸಬೇಕು. ಸಲಕರಣೆಯೊಡನೆ ನೂರು ಕಿಲೋಗ್ರಾಮ್ ತೂಗುವವನಿಗೆ ಸಮುದ್ರಕ್ಕಿಂತ ಎರಡೂವರೆ ಕಿಲೋಗ್ರಾಮ್ ಕಡಮೆ ಸಾಕು.

ಹಾಗಾದರೆ ಹೊರವಲಯದ ನಿವಾಸಿಗೆ ಊರಿನಲ್ಲಿ ಉಳಿದುದು ಈಜುಕೊಳ. ಮುಖಕವಚದೊಳಗಿನ ನೀರನ್ನು ಹೊರದೂಡುವುದು, ಬಾಯಿಂದ ಜಾರಿದ ಕವಾಟವನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ತೇಲದೆ ಮುಳುಗದೆ ನಡುನೀರಿನಲ್ಲಿ ನಿಲ್ಲುವುದು, ಇವಿಷ್ಟನ್ನು ಅಲ್ಲಿ ಕಲಿಯಬಹುದು. ಅನಂತರ ಘಟ್ಟವಿಳಿದು ಸಮುದ್ರಕ್ಕೇ ಹೋಗಬೇಕು.

ಸಮುದ್ರವೆಂದೊಡನೆ ಯಾವ ದಡವಾದರೂ ಆದೀತೆಂದು ತಿಳಿಯಬಾರದು. ಕಾಳಿ, ಅಘನಾಶಿನಿ, ಶರಾವತಿಗಳು ಹೊತ್ತು ತರುವ ಮಣ್ಣು ಮತ್ತು ಅಲೆಗಳು ಕಲಕುವ ಮರಳು ಸೇರಿ ನಮ್ಮ ಕರಾವಳಿಯ ಅಂಚಿನ ನೀರನ್ನು ಕದಡಿರುತ್ತವೆ. ದಡದಿಂದ ದೂರವಿರುವ ಬಂಡೆಯ ದ್ವೀಪವೇ ಬೇಕು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ಅಂತಹುದು. ಅದರ ಬಂಡೆಗಳಿಗೆ ಹವಳ ಹತ್ತಿದೆ. ಬಣ್ಣಬಣ್ಣದ ಮೀನುಗಳು ಅಲ್ಲಿ ನೆಲೆಸಿವೆ. ಬಿಳಿಹೊಟ್ಟೆಯ ಕಡಲಹದ್ದು ಮೇಲೆ ಗೂಡುಕಟ್ಟುತ್ತದೆ. 2022ರಲ್ಲಿ ತೆರೆಕಂಡ ಗಂಧದ ಗುಡಿ ಚಿತ್ರದಲ್ಲಿ ದಿವಂಗತ ಪುನೀತ್ ರಾಜ್‌ಕುಮಾರರು ಇಲ್ಲಿಯ ನೀರಿಗಿಳಿದುದನ್ನು ನೋಡಿದ ಮೇಲೆ ಈ ಹೆಸರು ಎಲ್ಲರ ಬಾಯಲ್ಲೂ ಬಂದಿದೆ. ನೌಕಾಪಡೆಯು ಈ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸಿದುದುಂಟು. ಆದುದರಿಂದ ತಳದಲ್ಲಿ ಕಾಣುವ ಲೋಹದ ವಸ್ತುಗಳನ್ನು ಮುಟ್ಟಲಾಗದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ತಮ್ಮ ಕಂಬದಂತಹ ಲಾವಾಶಿಲೆಗಳಿಂದ ಭೂವಿಜ್ಞಾನಿಗಳಿಗೆ ಪ್ರಿಯವಾದುವು. ದಡಕ್ಕೆ ಹತ್ತಿರವಾದುದರಿಂದ ಮುಳುಗುವವರಿಗೆ ಅಷ್ಟಲ್ಲ.

ಕಾಲದ ಆಯ್ಕೆಯೂ ಮುಖ್ಯ. ಮುಂಗಾರಿನಲ್ಲಿ ಕಡಲು ದೋಣಿಗೆ ಎಡೆಗೊಡದು. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರ ವರೆಗೆ ನಿಷೇಧವಿದೆ. ಮುಂಗಾರಿನ ಗಾಳಿಯಿಂದ ತಳದ ತಣ್ಣೀರು ಮೇಲೆ ಬಂದು ಪ್ಲವಕಗಳು ಬೆಳೆಯುವುದರಿಂದ ಮಳೆ ನಿಂತ ಕೆಲಕಾಲವೂ ನೀರು ಹಸುರಾಗಿರುವುದು. ಡಿಸೆಂಬರಿನಿಂದ ಫೆಬ್ರವರಿಯ ವರೆಗಿನ ತಿಂಗಳುಗಳು ಮೇಲು.

ಈಗ ಹೇಳುವುದು ಬೆಂಗಳೂರಿನವರಿಗೇ ವಿಶೇಷವಾಗಿ ಅನ್ವಯಿಸುವ ಸಂಗತಿ. ಸ್ಥಳವನ್ನು ಆಯುವಾಗ ಹೋಗುವ ದಾರಿಯನ್ನು ಎಲ್ಲರೂ ವಿಚಾರಿಸುತ್ತಾರೆ, ಮರಳುವ ದಾರಿಯ ಎತ್ತರವನ್ನು ವಿಚಾರಿಸುವವರು ವಿರಳ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿ ಮತ್ತು ಅಂಗಾಂಶಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಬಳಿಕ ಅದು ಉಸಿರಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದು ಪೂರ್ತಿ ಹೋಗುವ ಮುನ್ನ ಹೊರಗಿನ ಒತ್ತಡವು ಇನ್ನೂ ಇಳಿದರೆ, ಗೋಲಿಸೋಡಾದ ಗೋಲಿಯನ್ನು ಒತ್ತಿದಾಗ ಆಗುವಂತೆ, ಗುಳ್ಳೆಗಳೇಳುತ್ತವೆ. ಹಾಲ್ಡೇನ್ ಮತ್ತು ಆತನ ಸಂಗಡಿಗರು 1908ರಲ್ಲಿ ಪ್ರಕಟಿಸಿದ, ಆಡುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ವಿಷಯದ ಮೊದಲ ಕೋಷ್ಟಕಗಳು ಹುಟ್ಟಿದುವು.

ವಿಮಾನಪ್ರಯಾಣಕ್ಕೆ ಮುನ್ನ ಒಂದೇ ಬಾರಿ ಮುಳುಗಿದವರು 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದವರು 18 ಗಂಟೆ ಕಾಯಬೇಕೆಂದು ಮುಳುಗುಗಾರರ ವೈದ್ಯಸಂಸ್ಥೆಗಳು ವಿಧಿಸಿವೆ. ಈ ನಿಯಮವು ಅನ್ವಯಿಸುವುದು 2,000 ಅಡಿ, ಎಂದರೆ 610 ಮೀಟರ್, ಮೊದಲ್ಗೊಂಡ ಎತ್ತರಗಳಿಗೆ. ವಿಮಾನಕ್ಕೆಂದು ಹೇಳಿದ ಮಾತು ಬಸ್ಸಿಗೂ ಸಲ್ಲುತ್ತದೆ. ಏಕೆಂದರೆ ದೇಹಕ್ಕೆ ವಾಹನದ ಭೇದ ತಿಳಿಯದು. ಹೊನ್ನಾವರದಿಂದ ಘಟ್ಟ ಹತ್ತಿದರೆ ಸಾಗರವು 600 ಮೀಟರಿನ ಆಸುಪಾಸಿನಲ್ಲಿದೆ, ತುಮಕೂರು 800ಕ್ಕೆ ಮೇಲೆ, ಬೆಂಗಳೂರು 900. ರೈಲು ಏರುವ ಸಕಲೇಶಪುರವೂ 900 ಮೀಟರಿನದೇ.

ಭಾನುವಾರ ಬೆಳಗ್ಗೆ ಎರಡು ಬಾರಿ ಮುಳುಗಿ 11 ಗಂಟೆಗೆ ಮೇಲೆ ಬಂದವನ 18 ಗಂಟೆಗಳು ತುಂಬುವುದು ಸೋಮವಾರ ಮುಂಜಾನೆ 5ಕ್ಕೆ. ಆದರೆ ಸಂಜೆಯ ಬಸ್ಸು ಆತನನ್ನು ಅಂದಿನ ರಾತ್ರಿಯೇ ಘಟ್ಟದ ಮೇಲಕ್ಕೆ ಒಯ್ದಿರುತ್ತದೆ. ಇಂತಹವರೆಲ್ಲರಿಗೂ ಕೇಡಾಗುವುದೆಂದಲ್ಲ, ಅಲ್ಪ ಆಳದಲ್ಲಿ ಅಲ್ಪ ಕಾಲ ಇದ್ದವರ ದೇಹದಲ್ಲಿ ಉಳಿಯುವ ಸಾರಜನಕ ಕಡಮೆ. ಆದರೆ ತೊಂದರೆಯಾದಾಗ ಅದರ ಲಕ್ಷಣಗಳು ಮೋಸಗೊಳಿಸುವಂತಹವು. ಭುಜ ಮತ್ತು ಮಂಡಿಗಳಲ್ಲಿ ನೋವು, ಬೆರಳುಗಳಲ್ಲಿ ಜೋಮು, ಮಿತಿಮೀರಿದ ಆಯಾಸ: ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತವನು ಇವನ್ನು ಆಸನದ ಅಪರಾಧವೆಂದು ಭಾವಿಸಿ ಕಚೇರಿಗೆ ಹೋಗಿಬಿಡಬಹುದು. ಇದಕ್ಕೆ ಶುದ್ಧ ಆಮ್ಲಜನಕ ಮತ್ತು ಮರು ಒತ್ತಡದ ಕೋಣೆಯೇ ಚಿಕಿತ್ಸೆ, ವಿಳಂಬವಾದಷ್ಟೂ ಫಲ ಕಡಮೆ. ದೋಣಿಯಲ್ಲಿ ಆಮ್ಲಜನಕವಿದೆಯೆ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಹಣ ಕೊಡುವ ಮುನ್ನವೇ ಕೇಳತಕ್ಕದ್ದು.

ಆದುದರಿಂದ ಶುಕ್ರವಾರ ರಾತ್ರಿ ಹೊರಟು, ಶನಿವಾರ ಮುಳುಗಿ, ಭಾನುವಾರವನ್ನು ಸಮುದ್ರಮಟ್ಟದಲ್ಲಿಯೇ ಕಳೆದು ಸಂಜೆ ಘಟ್ಟವೇರುವುದು ಯುಕ್ತವಾದ ಕ್ರಮ. ಭಾನುವಾರವೂ ಇಳಿಯಲೇಬೇಕೆಂಬವರು ಸೋಮವಾರದ ರಜೆಯನ್ನು ಮೊದಲೇ ಪಡೆದಿರಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಸುಮಾರು 300 ಕಿಲೋಮೀಟರ್ ದೂರದ ಪುದುಚೇರಿಯು ಇನ್ನೂ ಹತ್ತಿರ. ಅಲ್ಲಿ ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರಿನ ವರೆಗಿನ ಕಾಲವನ್ನು ಬಿಡಬೇಕು. ಮರಳುವಾಗ ಕೃಷ್ಣಗಿರಿಯನ್ನು ದಾಟಿ ಹೊಸೂರಿಗೆ ಏರುವ ದಾರಿಯೂ ಅದೇ 900 ಮೀಟರಿಗೆ ಬಂದು ಮುಟ್ಟುವುದರಿಂದ ಮೇಲಿನ ಲೆಕ್ಕವು ಅಲ್ಲಿಯೂ ಬದಲಾಗದು. ದಾರಿ ಚಿಕ್ಕದಾದುದರಿಂದ ಏರಿಕೆಯು ಇನ್ನೂ ಬೇಗ ಬರುವುದು.