ಕರ್ಫ್ಯೂ ನಡುವೆ ಬೇವು-ಬೆಲ್ಲ

ಸರ್ಕಾರಿ ಸೇವೆಯಲ್ಲಿದ್ದಾಗ ನಿಷೇಧಾಜ್ಞೆಗೆ ಹಲವು ಬಾರಿ ಸಹಿ ಮಾಡಿದವನು ನಾನು. ಅಂಥ ಆಜ್ಞೆಗೆ ಒಳಪಟ್ಟು, ಬಾಗಿಲು ಮುಚ್ಚಿಕೊಂಡು ಹಬ್ಬ ಆಚರಿಸುವ ಪ್ರಸಂಗ ಒದಗಿದ್ದು ಮಾತ್ರ ನಿವೃತ್ತಿಯ ನಂತರ, ಅದೂ ಪರದೇಶದಲ್ಲಿ.

ಅಳಿಯನ ಉದ್ಯೋಗದ ನಿಮಿತ್ತ ಮಗಳ ಸಂಸಾರ ಆಗ ಕೊಲಂಬೊ ನಗರದ ವೆಲ್ಲವತ್ತದಲ್ಲಿತ್ತು. ಕೊರೊನಾ ಕಾರಣದಿಂದ ಎರಡು ವರ್ಷ ಮೊಮ್ಮಗನ ಮುಖ ಕಂಡಿರಲಿಲ್ಲ. ಯುಗಾದಿಯನ್ನು ಅಲ್ಲಿಯೇ ಆಚರಿಸೋಣವೆಂದು ನಾನೂ ನನ್ನ ಪತ್ನಿಯೂ 2022ರ ಮಾರ್ಚ್ ಕೊನೆಯಲ್ಲಿ ಹೊರಟೆವು. ನಾವು ತಲುಪುವ ವೇಳೆಗೆ ವಿದ್ಯುತ್ ಕಡಿತ ದಿನಕ್ಕೆ 13 ಗಂಟೆಗೆ ಏರಿತ್ತು. ಮಾರ್ಚ್ 31ರ ರಾತ್ರಿ ಜನ ಅಧ್ಯಕ್ಷ ಗೋಟಬಯ ರಾಜಪಕ್ಸ ಅವರ ಮಿರಿಹಾನದ ನಿವಾಸಕ್ಕೆ ಮುತ್ತಿಗೆ ಹಾಕಿದರು. ಏಪ್ರಿಲ್ 1ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಶನಿವಾರ, ಯುಗಾದಿ. ಅಂದು ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 6ರವರೆಗೆ ದೇಶದಾದ್ಯಂತ ಕರ್ಫ್ಯೂ. ಪಂಚಾಂಗದ ಪ್ರಕಾರ ಆರಂಭವಾಗಿದ್ದ ಸಂವತ್ಸರದ ಹೆಸರು ಶುಭಕೃತ್!

ಅರ್ಥಶಾಸ್ತ್ರ ಓದಿದವನಿಗೆ ಈ ಬಿಕ್ಕಟ್ಟಿನ ಕಾರಣಗಳು ನಿಗೂಢವೇನಲ್ಲ. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟಗಳು ಪ್ರವಾಸೋದ್ಯಮಕ್ಕೆ ಪೆಟ್ಟು ಕೊಟ್ಟವು. ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ಬೊಕ್ಕಸ ಬರಿದು ಮಾಡಿಕೊಂಡಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತದ ಇಳುವರಿ ಕುಸಿಯಿತು. ಮಾರ್ಚ್ ಆರಂಭದಲ್ಲಿ ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ತಿಂಗಳ ಕೊನೆಗೆ 300ರ ಸಮೀಪ ಬಂದು ನಿಂತಿತ್ತು. ಆದರೆ ಪುಸ್ತಕದ ಹಣದುಬ್ಬರ ಬೇರೆ, ಖಾಲಿ ಗ್ಯಾಸ್ ಸಿಲಿಂಡರ್ ಹಿಡಿದು ಬಿಸಿಲಿನಲ್ಲಿ ಸರತಿಯಲ್ಲಿ ನಿಂತಾಗ ಅರ್ಥವಾಗುವ ಹಣದುಬ್ಬರ ಬೇರೆ. ಹಬ್ಬದ ಹೋಳಿಗೆಗೆ ಹೂರಣ ಬೇಯಿಸುವುದೋ, ಅಥವಾ ಇರುವ ಗ್ಯಾಸನ್ನು ಮುಂದಿನ ವಾರದ ಅನ್ನಕ್ಕೆ ಉಳಿಸುವುದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯಿತು. ಅನ್ನವೇ ಗೆದ್ದಿತು.

ಬೇವು ಮಾತ್ರ ತಪ್ಪಲಿಲ್ಲ. ಕೊಪ್ಪಳ ಸೀಮೆಯಲ್ಲಿ ಯುಗಾದಿಯ ಬೇವೆಂದರೆ ಎಲೆ ಜಗಿಯುವುದಷ್ಟೇ ಅಲ್ಲ. ಬೇವಿನ ಹೂವು, ಪುಟಾಣಿ ಹಿಟ್ಟು, ಬೆಲ್ಲ, ಮಾವಿನಕಾಯಿ ತುರಿ ಕಲಸಿ ಲೋಟದಲ್ಲಿ ಕುಡಿಯುವ ಪಾನಕ. ಕೆಳಗಿನ ಮನೆಯ ತಮಿಳು ಮಹಿಳೆ, ನಿವೃತ್ತ ಶಿಕ್ಷಕಿ, ಬೇವಿನ ಹೂವು ತಂದುಕೊಟ್ಟರು. 1983ರ ಜುಲೈನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿದ್ದಾಗಲೂ ಅವರು ಇದೇ ವೆಲ್ಲವತ್ತದಲ್ಲಿದ್ದರಂತೆ. ‘ಆಗ ನಾವು ಮಾತ್ರ ಹೆದರಿದ್ದೆವು. ಈಗ ಸರತಿಯಲ್ಲಿ ಎಲ್ಲರೂ ಇದ್ದಾರೆ’ ಎಂದರು. ಅದು ಸಮಾಧಾನವೋ ವ್ಯಂಗ್ಯವೋ ತಿಳಿಯಲಿಲ್ಲ.

ಸಂಜೆ ಕೊಪ್ಪಳದಲ್ಲಿರುವ ತಾಯಿಗೆ ದೂರವಾಣಿ ಮಾಡಿದೆ. ಆಕೆಗೆ ಆಗ ಎಂಬತ್ತನಾಲ್ಕು ವರ್ಷ. ಕರ್ಫ್ಯೂ ವಿಚಾರ ಕೇಳಿ ಗಾಬರಿಯಾಗಲಿಲ್ಲ. ‘ಬೇವು ಕುಡದ್ರಿಲ್ಲೋ ತಮ್ಮಾ?’ ಎಂದು ಮೊದಲು ಕೇಳಿದಳು. ನಂತರ, ‘ತಿರುಗಿ ಬರಾಕ ಟಿಕೀಟ್ ಐತಿಲ್ಲ?’ ಐತೆಂದೆ. ‘ಹಂಗಾರ ಚಿಂತಿಲ್ಲ ಬಿಡು. ಮುಂಡರಗ್ಯಾಗ ನಮಗ ಅದೂ ಇರಲಿಲ್ಲ’ ಎಂದಳು.

ಈ ಮಾತಿಗೆ ಹಿನ್ನೆಲೆ ಬೇಕು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಅಪರಾಧವಾಗಿತ್ತು. ಇವೆಲ್ಲ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಸಾವಿರಾರು ಕುಟುಂಬಗಳು ಗಡಿ ದಾಟಿದವು. ಕೊಪ್ಪಳದ ಕಡೆಯವರು ಮುಂಬೈ ಪ್ರಾಂತ್ಯದಲ್ಲಿದ್ದ ಮುಂಡರಗಿಗೆ, ಕುಷ್ಟಗಿಯ ಕಡೆಯವರು ಗಜೇಂದ್ರಗಡಕ್ಕೆ, ಗಂಗಾವತಿಯವರು ತುಂಗಭದ್ರೆ ದಾಟಿ ಮದ್ರಾಸ್ ಪ್ರಾಂತ್ಯದ ಕಂಪ್ಲಿಗೆ. ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಯವರೂ ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುನ್ನಡೆಸಿದರು. ಒಂದೇ ಭಾಷೆ, ಒಂದೇ ಮಣ್ಣು, ಒಂದು ಹಗಲಿನ ಚಕ್ಕಡಿ ಪ್ರಯಾಣ. ಆದರೂ ಅದು ಪರರಾಜ್ಯ. ನಾಣ್ಯವೂ ಬೇರೆ. ನಿಜಾಮನ 7 ಹಾಲಿ ಸಿಕ್ಕಾ ರೂಪಾಯಿಗೆ ಅತ್ತ ಸಿಗುತ್ತಿದ್ದುದು ಸುಮಾರು 6 ಕಲ್ದಾರ ರೂಪಾಯಿ.

ಹತ್ತು ವರ್ಷದ ಹುಡುಗಿಯಾಗಿದ್ದ ನನ್ನ ತಾಯಿ 1948ರ ಯುಗಾದಿಯನ್ನು ಕಂಡದ್ದು ಮುಂಡರಗಿಯಲ್ಲಿ, ಪರಿಚಯದವರ ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ. ಅಜ್ಜಿ ಅಂದು ಹೊಸ ಬಟ್ಟೆಯ ಮಾತೆತ್ತಲಿಲ್ಲ. ಬೇರೆಯವರ ಪಾತ್ರೆಯಲ್ಲಿ ಬೇವು ಕಲಸಿ ಮಕ್ಕಳಿಗೆ ಕುಡಿಸಿದಳಂತೆ. ಊರಿನಲ್ಲಿ ಬಿಟ್ಟುಬಂದಿದ್ದ ಎತ್ತುಗಳಿಗೆ ಮೇವು ಹಾಕಿ ಕಾಪಾಡಿದ್ದು ನೆರೆಮನೆಯ ಮುಸ್ಲಿಂ ಕುಟುಂಬ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ನಮ್ಮವರು ಊರಿಗೆ ಮರಳಿದಾಗ ಹೆದರಿ ಕುಳಿತಿದ್ದದ್ದು ಅದೇ ನೆರೆಮನೆಯವರು. ಈ ಬಾರಿ ಅವರಿಗೆ ಕಾವಲಾಗಿ ನಿಂತದ್ದು ನನ್ನ ಅಜ್ಜ. ಆಳ್ವಿಕೆ ಕುಸಿದಾಗ ಭಯ ಮನೆಯಿಂದ ಮನೆಗೆ ದಾಟುತ್ತದೆಯೇ ಹೊರತು ತಾನಾಗಿ ಹೋಗುವುದಿಲ್ಲ.

ಕೊಲಂಬೊದಲ್ಲಿ ನಮಗೆ ಅಂಥ ಭಯವಿರಲಿಲ್ಲ. ಪಾಸ್‌ಪೋರ್ಟ್ ಇತ್ತು, ಟಿಕೆಟ್ ಇತ್ತು, ಅಳಿಯನ ಸಂಬಳ ಡಾಲರಿನಲ್ಲಿತ್ತು. ರೂಪಾಯಿ ಕುಸಿದಷ್ಟೂ ನಮ್ಮ ಕೈ ಬಲವಾಗುತ್ತಿತ್ತು. ಕೆಳಮನೆಯ ಶಿಕ್ಷಕಿಯ ಪಿಂಚಣಿ ಕರಗುತ್ತಿತ್ತು. ಹೂವು ತಂದುಕೊಟ್ಟವರ ಮುಂದೆ ಈ ಲೆಕ್ಕ ನನ್ನನ್ನು ನಾಚಿಸಿತು. ಪರದೇಶವಾಸಿ ಅಸ್ಥಿರತೆಯನ್ನು ನೋಡುತ್ತಾನೆ. ಸ್ಥಳೀಯ ಅದನ್ನು ಉಣ್ಣುತ್ತಾನೆ.

ಭಾನುವಾರ ಸಾಮಾಜಿಕ ಜಾಲತಾಣಗಳು ಸ್ಥಗಿತಗೊಂಡವು. ರಾತ್ರಿ ಮಂತ್ರಿಮಂಡಲ ರಾಜೀನಾಮೆ ನೀಡಿತು. ಏಪ್ರಿಲ್ 9ರಿಂದ ಗಾಲ್ ಫೇಸ್ ಮೈದಾನದಲ್ಲಿ ಜನ ಡೇರೆ ಹಾಕಿ ಕುಳಿತರು. 12ರಂದು ಸರ್ಕಾರ ವಿದೇಶಿ ಸಾಲದ ಮರುಪಾವತಿ ನಿಲ್ಲಿಸುವುದಾಗಿ ಘೋಷಿಸಿತು. 14ರಂದು ಸಿಂಹಳ-ತಮಿಳು ಹೊಸ ವರ್ಷ. ಅಧ್ಯಕ್ಷರ ಕಚೇರಿಯ ಎದುರಿನ ಅದೇ ಮೈದಾನದಲ್ಲಿ ಜನ ಹಾಲನ್ನ ಹಂಚಿ ತಿಂದರು. ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಬೌದ್ಧರೂ ಕ್ರೈಸ್ತರೂ ಜತೆ ಕುಳಿತರು. ಜುಲೈನಲ್ಲಿ ಅಧ್ಯಕ್ಷರು ದೇಶ ತೊರೆದರು. 2024ರ ಸೆಪ್ಟೆಂಬರಿನಲ್ಲಿ ಮತದಾನದ ಮೂಲಕವೇ ಅಧಿಕಾರ ಕೈ ಬದಲಾಯಿಸಿತು.

ಸೇವೆಯಲ್ಲಿದ್ದಾಗ ಹಬ್ಬವೆಂದರೆ ನನಗೆ ಶಾಂತಿಸಭೆ, ಬಂದೋಬಸ್ತು, ಅಗತ್ಯಬಿದ್ದರೆ ಆಗಿನ 144ನೇ ಕಲಮು. ಆದೇಶದ ಕರಡಿನಲ್ಲಿ ‘ಸಾರ್ವಜನಿಕರು’ ಎಂಬ ಪದವಿರುತ್ತಿತ್ತು. ಆ ಪದದೊಳಗೆ ಬೇವಿನ ಹೂವು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸು ಇರುತ್ತಾಳೆಂದು ನಾನು ಯೋಚಿಸಿರಲಿಲ್ಲ. ಆಡಳಿತದ ಯಶಸ್ಸನ್ನು ಕಡತಗಳಿಂದ ಅಳೆಯುತ್ತೇವೆ. ಅದಕ್ಕಿಂತ ಸರಳವಾದ ಅಳತೆಯೊಂದಿದೆ: ಜನ ನಾಳಿನ ಅನ್ನದ ಚಿಂತೆಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮ ಮನೆಯಲ್ಲಿ ಹಬ್ಬ ಮಾಡಬಲ್ಲರೇ?

ನಮ್ಮ ಜಿಲ್ಲೆಯಲ್ಲಿ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜಾರೋಹಣ ನಡೆಯುತ್ತದೆ, ಭಾಷಣವಾಗುತ್ತದೆ. ಶಿಬಿರಗಳ ನಾಯಕರನ್ನು ನೆನೆಯುವುದು ಯೋಗ್ಯವೇ. ಪಡಸಾಲೆಯಲ್ಲಿ ಬೇವು ಕಲಸಿದವರನ್ನೂ, ಆ ಪಡಸಾಲೆ ಬಿಟ್ಟುಕೊಟ್ಟವರನ್ನೂ ಅಂದು ನೆನೆಯಬೇಕು. ಮುಂಡರಗಿಯ ಆ ಮನೆಯವರ ಹೆಸರು ನನ್ನ ತಾಯಿಗೆ ಇಂದಿಗೂ ಬಾಯಿಪಾಠ. ಪ್ರತಿ ಯುಗಾದಿಗೆ ಮೊದಲ ಲೋಟ ಬೇವನ್ನು ಅವರ ಹೆಸರು ಹೇಳಿಯೇ ಕುಡಿಯುತ್ತಾಳೆ.